ಮನೇಲಿ ಯಾರೂ ಇಲ್ಲ

ಭಾನುಪ್ರಿಯಾ ಊರಿಗೆ ಬಂದ ದಿನವೇ ಅಜ್ಜಿ ಅವಳ ಬ್ಯಾಗನ್ನು ಮೂಸಿ ನೋಡಿದಳು. ಮೊಮ್ಮಗಳು ಎಂಟು ತಿಂಗಳ ಮೇಲೆ ಬಂದಿದ್ದಾಳೆ, ಒಂದು ಲೋಟ ನೀರು ಕೊಡೋಣ ಎನ್ನುವುದೆಲ್ಲ ಆಮೇಲಿನ ಮಾತು. ಆದಿಲಕ್ಷ್ಮಮ್ಮ ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು, ಜಿಪ್ ಎಳೆದು, ಒಂದೊಂದೇ ಸಾಮಾನನ್ನು ಮೂಗಿನ ಹತ್ತಿರ ಹಿಡಿದು ಪಕ್ಕಕ್ಕಿಟ್ಟಳು. ಶೂ ಪಾಸು. ಟವೆಲ್ಲು ಪಾಸು. ಮಂಡಿಗೆ ಹೊಡೆದುಕೊಳ್ಳುವ ನೋವಿನ ಸ್ಪ್ರೇ, ಮುಲಾಮು, ಸೆಂಟು, ಪರಿಮಳದ ಸೋಪು ಎಲ್ಲ ಫೇಲು.

"ಇವನ್ನೆಲ್ಲ ದನದ ಕೊಟ್ಟಿಗೇಲಿರೋ ಟ್ರಂಕಿಗೆ ಹಾಕಮ್ಮ. ಇನ್ನ ನಾಲ್ಕು ದಿನಕ್ಕೆ ರೇಷ್ಮೆ ಹುಳ ಬರ್ತವೆ. ಈ ವಾಸ್ನೆಗೆ ಒಂದೂ ಸೊಪ್ಪು ಮುಟ್ಟಲ್ಲ."

"ನನ್ನ ಮಂಡಿ ಗತಿ ಏನಜ್ಜಿ?"

"ಮಂಡಿ ನಿಂದು. ಮನೆ ಹುಳದ್ದು."

"ಆ ಹುಳು ಮನೆ ಕಟ್ಸಿದ್ದು ನಾನು ಕಣಜ್ಜಿ!"

"ಕಟ್ಸಿದೋಳು ನೀನೇ, ಯಾರು ಇಲ್ಲ ಅಂದ್ರು? ವಾಸ ಇರೋದು ಹುಳ."

ಭಾನುಪ್ರಿಯಾ ಬಗ್ಗಿ ಬಾಗಿಲು ದಾಟಿದಳು. ಆರಡಿ ಒಂದಿಂಚು ಎತ್ತರದವಳಿಗೆ ಕೈವಾರ ಕ್ರಾಸಿನ ಈಚೆಗಿದ್ದ ಆ ಹಳೆಯ ಮನೆಯಲ್ಲಿ ಬಗ್ಗದೆ ದಾಟುವ ಬಾಗಿಲು ಒಂದೂ ಇರಲಿಲ್ಲ. ಚಿಂತಾಮಣಿಯ ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಆ ಎತ್ತರವನ್ನು ನೋಡಿಯೇ ಡ್ರಿಲ್ ಮೇಷ್ಟ್ರು ಕೈಗೆ ಬ್ಯಾಸ್ಕೆಟ್‌ಬಾಲ್ ಕೊಟ್ಟಿದ್ದರು. ಅಲ್ಲಿಂದ ರಾಜ್ಯ ತಂಡ, ಆಮೇಲೆ ಒಂದು ಇಲಾಖೆಯ ತಂಡ, ಈಗ ಮೂರು ವರ್ಷದಿಂದ ಲೀಗಿನಲ್ಲಿ ಸಂಬಳಕ್ಕೆ ಆಡುವ ಕ್ಲಬ್ಬು. ಹಳೆಯ ಕರಾರು ಮುಗಿದಿತ್ತು. ಆರು ವಾರದ ಮೇಲೆ ಕ್ಯಾಂಪು, ಅಲ್ಲಿ ಎರಡು ವರ್ಷದ ಹೊಸ ಕರಾರಿಗೆ ಸಹಿ. ಈ ಸಲ ನೀನೇ ಕ್ಯಾಪ್ಟನ್ ಎಂದು ಕೋಚ್ ಮಾತು ಕೊಟ್ಟಿದ್ದರು. ಅಲ್ಲಿಯತನಕ ಮಂಡಿಗೆ ವಿಶ್ರಾಂತಿ ಕೊಟ್ಟು, ಅಮ್ಮನ ಕೈ ಊಟ ಉಂಡುಕೊಂಡಿರೋಣ ಎಂದು ಬಂದಿದ್ದಳು.

ಊಟಕ್ಕೇನೂ ಕೊರತೆಯಾಗಲಿಲ್ಲ. ಅಮ್ಮ ನಾರಾಯಣಮ್ಮ ಮುದ್ದೆ ಕಟ್ಟಿ, ಅವರೆಕಾಳಿನ ಸಾರು ಬಿಟ್ಟು, ಪಕ್ಕದಲ್ಲಿ ನಾಲ್ಕು ಬೇಯಿಸಿದ ಮೊಟ್ಟೆ ಇಟ್ಟಳು. ತಂಗಿ ಪವಿತ್ರ, ಚಿಂತಾಮಣಿಯಲ್ಲಿ ಬಿ.ಕಾಂ ಓದುತ್ತಿದ್ದವಳು, ಮೊಟ್ಟೆ ಲೆಕ್ಕ ಹಾಕಿ ಮುಖ ಊದಿಸಿದಳು.

"ನಂಗೊಂದು, ಅವಳಿಗೆ ನಾಲ್ಕಾ?"

"ನೀನೂ ಒಂದಡಿ ಬೆಳಿ, ನಿಂಗೂ ಇಡ್ತೀನಿ," ಎಂದಳು ನಾರಾಯಣಮ್ಮ.

ಭಾನುಪ್ರಿಯಾ ಅರ್ಧ ಮುದ್ದೆ ಮುಗಿಸಿ ಗಂಟಲು ಸರಿಮಾಡಿಕೊಂಡಳು. "ಎಲ್ರೂ ಒಂದು ವಿಷಯ ಕೇಳಿಸ್ಕೊಳಿ. ದಿನಾ ಬೆಳಿಗ್ಗೆ ಆರರಿಂದ ಏಳರ ತನಕ ನಾನು ಮನೇಲೇ ಇರ್ಬೇಕು. ಟೆಸ್ಟ್ ಮಾಡೋರು ಬರ್ಬೋದು. ಯಾವತ್ತು ಅಂತ ಹೇಳಲ್ಲ, ಫೋನೂ ಮಾಡಲ್ಲ."

"ಎಂಥಾ ಟೆಸ್ಟಮ್ಮ?" ಅಪ್ಪ ವೆಂಕಟರಾಮಪ್ಪ ಕೇಳಿದ.

"ಡೋಪಿಂಗ್ ಟೆಸ್ಟ್ ಅಪ್ಪ. ಆಟದೋರು ಶಕ್ತಿ ಬರೋ ಔಷಧಿ ಏನಾದ್ರೂ ತಗೊಂಡವ್ರಾ ಅಂತ ನೋಡ್ತಾರೆ. ಉಚ್ಚೆ ತಗೊಂಡು ಹೋಗ್ತಾರೆ."

ಪವಿತ್ರಳಿಗೆ ನಕ್ಕು ಸಾರು ನೆತ್ತಿಗೇರಿತು. ಅಜ್ಜಿ ಮಾತ್ರ ನಗಲಿಲ್ಲ, ನಂಬಲೂ ಇಲ್ಲ. "ಉಚ್ಚೆಗೆ ಬೆಂಗಳೂರಿಂದ ಕಾರು ಮಾಡ್ಕೊಂಡು ಬರ್ತಾರಂತೆ! ಪೆಟ್ರೋಲ್ ಪುಕ್ಕಟೆ ಸಿಗ್ತದಾ ಅವರಿಗೆ? ನಾಕು ತೆಲುಸು, ಎಲ್ಲಾ ಗೊತ್ತು ನಂಗೆ, ಮುದುಕೀನ ಆಡಿಸ್ತಿದ್ದೀಯ," ಎಂದಳು. ಸಿಟ್ಟು ಬಂದಾಗ, ಅನುಮಾನ ಬಂದಾಗ ಅಜ್ಜಿಗೆ ತೆಲುಗು ತಾನಾಗಿ ಬರುತ್ತಿತ್ತು.

"ಆಡಿಸ್ತಿಲ್ಲ ಅಜ್ಜಿ. ಈ ವರ್ಷ ಆಗ್ಲೇ ಎರಡು ಸಲ ತಪ್ಪಿದೀನಿ. ಒಂದ್ಸಲ ಬಸ್ಸು ಕೆಟ್ಟು ನಿಂತಿತ್ತು. ಇನ್ನೊಂದ್ಸಲ ಹೋಟೆಲ್ ಬದಲಾಯಿಸಿದ್ದನ್ನ ಅವರಿಗೆ ತಿಳಿಸೋದು ಮರೆತೆ. ಮೂರನೇ ಸಲ ಬಂದಾಗ ನಾನು ಸಿಗ್ಲಿಲ್ಲ ಅಂದ್ರೆ ಎರಡು ವರ್ಷ ಆಟ ಇಲ್ಲ. ನಂಗೀಗ ಮೂವತ್ತು. ಮೂವತ್ತೆರಡಕ್ಕೆ ಯಾರು ಕರೀತಾರೆ ನನ್ನ? ಅಲ್ಲಿಗೆ ಮುಗೀತು."

ನಾರಾಯಣಮ್ಮ ಮಗಳ ಮುದ್ದೆಯ ಮೇಲೆ ಇನ್ನೊಂದು ಚಮಚ ತುಪ್ಪ ಹಾಕಿದಳು. ಅವಳಿಗೆ ಸಂಕಟವಾದಾಗ ತುಪ್ಪ ಜಾಸ್ತಿಯಾಗುತ್ತಿತ್ತು.

ಹೇಳಿದಂತೆ ನಾಲ್ಕು ದಿನಕ್ಕೆ ಹುಳ ಬಂದವು, ಅವುಗಳ ಜೊತೆಗೆ ಜಗಳವೂ ಬಂತು. ಭಾನುಪ್ರಿಯಾಗೆ ನೆಗಡಿಯಾಯಿತು. ನಾರಾಯಣಮ್ಮ ನಾಟಿ ವೈದ್ಯರ ಪುಡಿ ಹಾಕಿ ಕಷಾಯ ಕುದಿಸಿ ತಂದಳು. ಮಗಳು ಲೋಟ ಮುಟ್ಟಲಿಲ್ಲ.

"ಅಮ್ಮ, ಪುಡಿಯೊಳಗೆ ಏನೇನಿದೆ ಅಂತ ಗೊತ್ತಿಲ್ದೆ ಕುಡಿಯಂಗಿಲ್ಲ."

"ಹುಟ್ಟಿದಾಗಿಂದ ಇದನ್ನೇ ಕುಡಿದು ಅಷ್ಟೆತ್ತರ ಬೆಳೆದೆ. ಈಗ ವಿಷ ಆಗೋಯ್ತಾ?"

"ವಿಷ ಅಂದ್ನಾ ನಾನು?"

"ಅನ್ನದೆ ಇನ್ನೇನಂದೆ?"

ಕಷಾಯವನ್ನು ವೆಂಕಟರಾಮಪ್ಪ ಕುಡಿದ, ನೆಗಡಿಯಿಲ್ಲದಿದ್ದರೂ. ನಾರಾಯಣಮ್ಮ ಒಂದೂವರೆ ದಿನ ಮಗಳ ಜೊತೆ ಮಾತು ಬಿಟ್ಟಳು. ಮೊಟ್ಟೆ ಮಾತ್ರ ಹೊತ್ತು ಹೊತ್ತಿಗೆ ಬರುತ್ತಿದ್ದವು, ಉಪ್ಪಿಲ್ಲದೆ.

ಮೂರನೇ ಜ್ವರಕ್ಕೆ ಹುಳ ಕೂತವು. ಹುಳ ಚರ್ಮ ಬಿಡುವ ಹೊತ್ತಿಗೆ ಈ ಕಡೆ ಹಾಗೆನ್ನುತ್ತಾರೆ. ಆಗ ಮೇವು ಹಾಕುವಂತಿಲ್ಲ, ಅಲುಗಿಸುವಂತಿಲ್ಲ. ಭಾನುಪ್ರಿಯಾ ಅಂಗಳದಲ್ಲಿ ಚೆಂಡು ನೆಲಕ್ಕೆ ಬಡಿದಿದ್ದು ನಾಲ್ಕೇ ಸಲ. ಐದನೆಯದಕ್ಕೆ ಅಜ್ಜಿ ಬಂದು ಚೆಂಡು ಕಸಿದು ಸೆರಗಿನೊಳಗೆ ಇಟ್ಟುಕೊಂಡಳು. ತುಂಬಿದ ಬಸುರಿಯಂತೆ ಅಂಗಳ ದಾಟಿ ಒಳಗೆ ಹೋದಳು. ಅಕ್ಕತಂಗಿಯರಿಬ್ಬರೂ ನಕ್ಕೂ ನಕ್ಕೂ ಗೋಡೆ ಹಿಡಿದುಕೊಂಡರು. ಅವತ್ತಿನಿಂದ ಸಾಯಂಕಾಲ ಪವಿತ್ರಳ ಸ್ಕೂಟಿ ಹತ್ತಿ ಕೈವಾರದ ಶಾಲೆಯ ಮೈದಾನಕ್ಕೆ ಹೋಗಿ ಆಡಿ ಬರುವುದಾಯಿತು.

ಹುಳು ಮನೆಗೆ ಭಾನುಪ್ರಿಯಾಗೆ ಪ್ರವೇಶ ಸಿಕ್ಕಿದ್ದು ಆ ಎತ್ತರದಿಂದಲೇ. ರ್ಯಾಕಿನ ಮೇಲಿನ ಅಂತಸ್ತಿಗೆ ಸೊಪ್ಪು ಹಾಕಲು ಪವಿತ್ರ ಸ್ಟೂಲು ಹತ್ತುತ್ತಿದ್ದಳು. ಒಂದು ದಿನ ಸ್ಟೂಲಿನ ಕಾಲು ಮುರಿದು, ಹಿಪ್ಪುನೇರಳೆ ಕಡ್ಡಿಗಳ ಸಮೇತ ಕೆಳಗೆ ಕೂತಳು. ಬಾಗಿಲಲ್ಲಿ ನಿಂತಿದ್ದ ಭಾನುಪ್ರಿಯಾ ಕೇಳದೆಯೇ ಒಳಗೆ ಬಂದು, ಕಡ್ಡಿ ಎತ್ತಿಕೊಂಡು, ನಿಂತ ನೆಲದಲ್ಲೇ ನಿಂತು ಮೇಲಿನ ಅಂತಸ್ತನ್ನು ಈ ತುದಿಯಿಂದ ಆ ತುದಿಗೆ ತುಂಬಿಸಿದಳು. ಅಜ್ಜಿ ಹತ್ತಿರ ಬಂದು ಅವಳ ಕೈ, ತೋಳು, ಕೊರಳು ಮೂಸಿದಳು. ಬರೀ ಬೆವರು.

"ಪೋನಿ, ಹೋಗ್ಲಿ, ಇಷ್ಟು ವರ್ಷಕ್ಕೆ ಈ ಉದ್ದದಿಂದ ಒಂದು ಉಪಯೋಗ ಆಯ್ತು," ಎಂದಳು ಅಜ್ಜಿ. "ನಾಳೆ ನಾಲ್ಕೂವರೆಗೆ ಬಾ."

"ಇಂಡಿಯಾಗೆ ಆಡಿದೀನಿ ಅಜ್ಜಿ, ಅದು ಉಪಯೋಗ ಅಲ್ವಾ?"

"ಅದೂ ಇರ್ಲಿ. ಮೂಲೇಲಿ ಸೊಪ್ಪು ಕಡಿಮೆ ಬಿದ್ದದೆ ನೋಡು."

ಭಾನುಪ್ರಿಯಾಗೆ ಆ ಕೆಲಸ ಇಷ್ಟವಾಯಿತು. ಬೆಳಿಗ್ಗೆ ನಾಲ್ಕೂವರೆಗೆ ಅಜ್ಜಿ ಮೊಮ್ಮಗಳು ಅಕ್ಕಪಕ್ಕ ನಿಂತು ಮೇವು ಹಾಕುವುದು, ಅಜ್ಜಿ ಕೆಳಗಿನ ಎರಡು ಅಂತಸ್ತು, ಮೊಮ್ಮಗಳು ಮೇಲಿನ ಎರಡು. ಅಷ್ಟು ದಿನ ಒಬ್ಬರ ಪಕ್ಕ ಒಬ್ಬರು ನಿಂತು ಕೆಲಸ ಮಾಡಿದ್ದು ಅವರ ಜೀವನದಲ್ಲೇ ಅದು ಮೊದಲು. ಮೊಮ್ಮಗಳ ಮಂಡಿ ನೋವು ಯಾವಾಗ ಹೋಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

ನಾಲ್ಕನೇ ಜ್ವರ ಮುಗಿದ ದಿನ ಅಜ್ಜಿ ಗೇಟಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಗೇಟಿನಡಿ ಸುಣ್ಣದ ಪುಡಿಯ ಗೆರೆ ಎಳೆದಳು. ಇನ್ನು ಹುಳ ಗೂಡು ಕಟ್ಟುವವರೆಗೆ ಹೊರಗಿನವರು ಬರುವ ಹಾಗಿಲ್ಲ, ಅವರ ಕಾಲಲ್ಲಿ ರೋಗ ಬರುತ್ತದೆ. ಯಾರೇ ಬಂದು ಕೂಗಿದರೂ ಒಳಗಿನಿಂದ ಒಂದೇ ಉತ್ತರ: ಮನೇಲಿ ಯಾರೂ ಇಲ್ಲ, ನಾಳಿದ್ದು ಬನ್ನಿ. ಹೇಳುವವರು ಮನೆಯಲ್ಲೇ ಇದ್ದಾರೆಂದು ಕೇಳುವವರಿಗೂ ಗೊತ್ತು. ಓಹೋ, ಹುಳ ದೊಡ್ಡವಾಗಿವೆ ಎಂದುಕೊಂಡು ಬೇಜಾರಿಲ್ಲದೆ ತಿರುಗಿ ಹೋಗುತ್ತಾರೆ. ಆ ಊರಲ್ಲಿ ಅದು ಮರ್ಯಾದೆಯ ಮಾತು.

ಆದರೆ ಭಾನುಪ್ರಿಯಾ ಕೀಲಿ ನೋಡಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಆರರಿಂದ ಏಳು ಗೇಟು ತೆಗೆದಿರ್ಬೇಕಜ್ಜಿ."

"ನನ್ನ ತಮ್ಮ ಕೋನಪ್ಪ ಬಂದ್ರೂ ತೆಗೆಯಲ್ಲ ನಾನು."

"ನಿನ್ನ ತಮ್ಮ ವಾಪಸ್ಸು ಹೋದ್ರೆ ನನ್ನ ಆಟ ನಿಲ್ಲಲ್ಲ, ಅವರು ಹೋದ್ರೆ ನಿಲ್ಲುತ್ತೆ."

"ಹೋದ ಸಲ ತೆಗೆದಿದ್ಕೆ ಏನಾಯ್ತು? ಸನ್ಮಾನ ಅಂತ ಮೂವತ್ತು ಜನ ಬಂದ್ರು. ಹಾರ, ಪಟಾಕಿ, ಊದುಬತ್ತಿ, ಕೇಕು! ಮೂರು ದಿನಕ್ಕೆ ಅಷ್ಟೂ ಹುಳ ತಿಪ್ಪೆಗೆ ಸುರಿದ್ವಿ. ನೀನು ಫೋಟೋ ಹಿಡಿಸ್ಕೊಂಡು ಹೋದೆ. ಸುರಿದೋಳು ನಾನು."

ಭಾನುಪ್ರಿಯಾಗೆ ಈ ಕತೆ ಅರ್ಧ ಮಾತ್ರ ಗೊತ್ತಿತ್ತು. ಬೆಳೆ ಹೋಯಿತು ಎಂದು ಫೋನಿನಲ್ಲಿ ಹೇಳಿದ್ದರು, ತಾನು ಬಂದಿದ್ದರಿಂದ ಹೋಯಿತು ಎಂದು ಯಾರೂ ಹೇಳಿರಲಿಲ್ಲ. ಅವಳ ಮುಖ ಸಣ್ಣದಾಯಿತು. ಅಜ್ಜಿಗೂ ಅಷ್ಟು ಜೋರಾಗಿ ಹೇಳಬಾರದಿತ್ತು ಅನ್ನಿಸಿತು, ಆದರೆ ಕೀಲಿ ಸೊಂಟ ಬಿಡಲಿಲ್ಲ.

ನಡುವೆ ಬಂದವನು ವೆಂಕಟರಾಮಪ್ಪ. "ಇಬ್ರೂ ಸುಮ್ನಿರಿ. ದಿನಾ ಆರರಿಂದ ಏಳು ನಾನು ಗೇಟಿನ ಹತ್ರ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ. ಅವರು ಬಂದ್ರೆ ನಾನು ಒಳಗೆ ಬಂದು ಹೇಳ್ತೀನಿ. ಆವಾಗ ಜಗಳ ಆಡಿ."

ಮರುದಿನದಿಂದ ಅವನು ಕೆಂಪು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತ. ಎದುರು ಟೀ ಅಂಗಡಿಯ ಬಯ್ಯಪ್ಪ ದಿನವೂ ರೇಗಿಸುತ್ತಿದ್ದ. "ಏನಪ್ಪ ವೆಂಕಟರಾಮಪ್ಪ, ಬೀಗಕ್ಕೆ ಕಾವಲು ನೀನಾ, ನಿಂಗೆ ಕಾವಲು ಬೀಗನಾ?" ಹೀಗೆ ಆರು ದಿನ ಕಳೆಯಿತು. ಯಾರೂ ಬರಲಿಲ್ಲ. ಅಜ್ಜಿ ದಿನಾ ಏಳು ಗಂಟೆಗೆ ಸರಿಯಾಗಿ, "ಬಂದ್ರಾ ಉಚ್ಚೆಯೋರು?" ಎಂದು ಕೇಳಿ ಖುಷಿಯಾಗಿ ಒಳಗೆ ಹೋಗುತ್ತಿದ್ದಳು.

ಏಳನೆಯ ದಿನ ಹುಳ ಕೈಕೊಟ್ಟವು. ಸೆಕೆ ಹೆಚ್ಚಾಗಿ, ನಾಳೆ ಹಣ್ಣಾಗಬೇಕಾದವು ಇವತ್ತೇ ಹಣ್ಣಾದವು. ಬೆಳಗಿನ ನಾಲ್ಕೂ ಕಾಲಿಗೆ ಬಾಗಿಲು ತೆಗೆದ ಅಜ್ಜಿಗೆ ರ್ಯಾಕಿನ ತುಂಬ ಹೊನ್ನಿನ ಬಣ್ಣದ ಹುಳ, ಸೊಪ್ಪು ಬಿಟ್ಟು ತಲೆ ಎತ್ತಿ ಗೂಡಿಗೆ ಜಾಗ ಹುಡುಕುತ್ತಿದ್ದುದು ಕಂಡಿತು. ಹಣ್ಣು ಹುಳವನ್ನು ಆಗಿಂದಾಗ ಆಯ್ದು, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ನೂಲೆಲ್ಲ ಸೊಪ್ಪಿನ ಮೇಲೆ ಸುತ್ತಿ ಹಾಳುಮಾಡುತ್ತವೆ.

"ಏಳ್ರೇ! ಎಲ್ರೂ ಏಳಿ! ಹಣ್ಣಾಗವೆ!"

ಸದ್ದಾಗಬಾರದೆಂದು ಫೋನುಗಳೆಲ್ಲ ಕೊಟ್ಟಿಗೆಯ ಟ್ರಂಕಿಗೆ ಹೋದವು, ಜನರೆಲ್ಲ ಹುಳು ಮನೆಗೆ ಹೋದರು. ವೆಂಕಟರಾಮಪ್ಪ ಹಿತ್ತಲಲ್ಲಿ ಚಂದ್ರಿಕೆಗಳ ಕಟ್ಟು ಬಿಚ್ಚಿ ಬಿಚ್ಚಿ ಜೋಡಿಸತೊಡಗಿದ. ಆರು ಹೊಡೆಯಿತು. ಕೆಂಪು ಕುರ್ಚಿ ಖಾಲಿ ಇತ್ತು. ಅಪ್ಪ ಗೇಟಲ್ಲಿದ್ದಾನೆಂದು ಮಗಳು ಅಂದುಕೊಂಡಳು. ಮಗಳು ಮನೆಯಲ್ಲೇ ಇದ್ದಾಳಲ್ಲ, ಇನ್ನೇನು ಎಂದು ಅಪ್ಪ ಅಂದುಕೊಂಡ. ಅಜ್ಜಿ ಒಂದು ಸಲ ನೀರಿಗೆಂದು ಹೊರಗೆ ಹೋಗಿ ಬಂದಳು. ಬಂದವಳೇ ಮತ್ತೆ ಹುಳ ಆಯಲು ಕೂತಳು.

"ಗೇಟಲ್ಲಿ ಯಾರೋ ಕೂಗಿದಂಗಿತ್ತು, ಯಾರಜ್ಜಿ?" ಎಂದಳು ಪವಿತ್ರ, ಸ್ವಲ್ಪ ಹೊತ್ತಾದ ಮೇಲೆ.

"ಸನ್ಮಾನದೋರು. ಭಾನುಪ್ರಿಯಾ ಮನೆ ಇದೇನಾ ಅಂದ್ರು. ಕೈಯಲ್ಲಿ ಇಷ್ಟುದ್ದ ಡಬ್ಬ ಬೇರೆ, ಕೇಕಿರ್ಬೇಕು. ಯಾರೂ ಇಲ್ಲ, ನಾಳಿದ್ದು ಬನ್ನಿ ಅಂದೆ."

ಭಾನುಪ್ರಿಯಾ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. "ಎಷ್ಟು ಜನ ಇದ್ರು?"

"ಇಬ್ರೇ. ಒಬ್ಬ ಗಂಡಸು, ಒಬ್ಳು ಹೆಂಗಸು. ಕೊರಳಿಗೆ ಗುರ್ತಿನ ಚೀಟಿ ನೇತಾಕ್ಕೊಂಡಿದ್ರು."

"ಹಾರ ಇತ್ತಾ?"

ಅಜ್ಜಿ ಯೋಚಿಸಿದಳು. ಹಾರ ಇರಲಿಲ್ಲ. ಹಾರವಿಲ್ಲದ ಸನ್ಮಾನವನ್ನು ಅಜ್ಜಿ ಎಲ್ಲೂ ಕಂಡಿರಲಿಲ್ಲ. ಅವಳ ಕೈಯಲ್ಲಿದ್ದ ಹುಳ ಮೆಲ್ಲಗೆ ಮೊಣಕೈ ಕಡೆ ಹೊರಟಿತು.

ಭಾನುಪ್ರಿಯಾ ಬರಿಗಾಲಲ್ಲಿ ಓಡಿದಳು. ಆ ದಿನ ಅವಳು ಓಡಿದ ಹಾಗೆ ಕೋರ್ಟಿನಲ್ಲಿ ಯಾವತ್ತೂ ಓಡಿರಲಿಲ್ಲ ಎಂದು ಪವಿತ್ರ ಆಮೇಲೆ ಹೇಳುತ್ತಿದ್ದಳು. ಗೇಟಿನ ಹೊರಗೆ ಯಾರೂ ಇರಲಿಲ್ಲ. ಕಾರೂ ಇರಲಿಲ್ಲ. ಬೀಗ ಹಾಗೇ ನೇತಾಡುತ್ತಿತ್ತು. ಕಂಬಿ ಹಿಡಿದು ನಿಂತ ಅವಳಿಗೆ ಅಳು ಬಂತು. ಹದಿನೈದು ವರ್ಷದ ಆಟ ಒಂದು ಬೀಗಕ್ಕೆ ಹೋಯಿತಲ್ಲ ಎಂದು ಗಟ್ಟಿಯಾಗಿಯೇ ಅತ್ತಳು.

ಆಗ ರಸ್ತೆಯ ಆಚೆಯಿಂದ ಬಯ್ಯಪ್ಪನ ದನಿ ಕೇಳಿಸಿತು. "ಬನ್ನಿ ಸಾರ್, ಬನ್ನಿ ಮೇಡಂ! ಯಾರೂ ಇಲ್ಲ ಅಂದ್ರಾ? ಹಂಗಂದ್ರೆ ಎಲ್ರೂ ಒಳಗವ್ರೆ ಅಂತ. ಕಾರು ಅಲ್ಲೇ ನನ್ನ ಅಂಗಡಿ ಹಿಂದೆ ನೆರಳಲ್ಲಿರ್ಲಿ."

ಬಯ್ಯಪ್ಪನ ಹಿಂದೆ ಅವರಿಬ್ಬರೂ ಬಂದರು. ಮುರಳಿಮೋಹನ್ ಎಂಬ ಅಧಿಕಾರಿ, ಜೊತೆಗೆ ಜಬೀನ್ ಎಂಬ ಹುಡುಗಿ, ಅವಳ ಕೈಯಲ್ಲಿ ಮಾದರಿ ಇಡುವ ಡಬ್ಬ. ಮುರಳಿಮೋಹನ್ ಗಡಿಯಾರ ನೋಡಿದರು. "ಆರು ಮೂವತ್ತೆಂಟು. ಏಳರ ತನಕ ಕಾಯೋದು ನಮ್ಮ ನಿಯಮ. ನೀವೇ ಭಾನುಪ್ರಿಯಾನಾ? ಗೇಟು ತೆಗೀರಿ."

ಅಷ್ಟರಲ್ಲಿ ಮನೆಯವರೆಲ್ಲ ಗೇಟಿಗೆ ಬಂದಿದ್ದರು. ಎಲ್ಲರ ಕಣ್ಣೂ ಅಜ್ಜಿಯ ಸೊಂಟದ ಮೇಲೆ.

ಭಾನುಪ್ರಿಯಾ ಕಣ್ಣೊರೆಸಿಕೊಂಡು ಅಜ್ಜಿಯ ಮುಖ ನೋಡಿದಳು, ಆಮೇಲೆ ಹೊರಗಿನವರ ಕಡೆ ತಿರುಗಿದಳು. "ಸಾರ್, ಒಳಗೆ ಹಣ್ಣು ಹುಳ ಇದೆ. ನಾನೇ ಗೇಟು ಹಾರಿ ಬರ್ತೀನಿ. ಇಲ್ಲೇ ಎಲ್ಲಾದ್ರೂ ಟೆಸ್ಟ್ ಮಾಡಕ್ಕಾಗುತ್ತಾ? ಅಜ್ಜಿ ಬೆಳೆ ಇನ್ನೊಂದ್ಸಲ ನನ್ನಿಂದ ಹೋಗೋದು ಬೇಡ."

"ಬಾಗಿಲಿರೋ ಬಚ್ಚಲು ಬೇಕಮ್ಮ. ಅಂಗಡೀಲಿ ಇಲ್ಲ," ಎಂದರು ಮುರಳಿಮೋಹನ್.

ಆದಿಲಕ್ಷ್ಮಮ್ಮ ಸೊಂಟದಿಂದ ಕೀಲಿ ಎಳೆದಳು. ಅವಸರಕ್ಕೆ ಎರಡು ಸಲ ತೂತು ತಪ್ಪಿತು.

"ಅಜ್ಜಿ, ಹುಳ..."

"ಸುಮ್ನಿರೇ! ಈ ಬೆಳೆ ಹೋದ್ರೆ ಎರಡು ತಿಂಗಳಿಗೆ ಇನ್ನೊಂದು ಬರ್ತದೆ. ನಿಂಗೆ ಎರಡು ವರ್ಷ ಅಂದ್ಯಲ್ಲ?" ಗೇಟು ಕಿರ್ ಎಂದು ತೆರೆಯಿತು. "ಬನ್ನಿ. ಚಪ್ಲಿ ಅಲ್ಲೇ ಬಿಡಿ. ಸುಣ್ಣ ತುಳೀರಿ. ಕೈಕಾಲು ತೊಳ್ಕೊಳಿ." ಮುರಳಿಮೋಹನ್ ಹತ್ತಿರ ಬಂದಾಗ ಅವಳ ಮೂಗರಳಿತು. "ಏನಪ್ಪ ಇದು ಕೆನ್ನೆಗೆ ಬಳ್ಕೊಂಡಿರೋದು?"

"ಶೇವಿಂಗ್ ಲೋಷನ್ನಮ್ಮ."

"ಬಚ್ಚಲು ಅಲ್ಲಿ ಅದೆ. ಮೂರು ಸಲ ಮುಖ ತೊಳ್ಕೊಂಡು ಬಾ."

ಕೇಂದ್ರದಿಂದ ನೇಮಕವಾಗಿ ಬಂದ ಅಧಿಕಾರಿ ತೆಪ್ಪಗೆ ಹೋಗಿ ಮೂರು ಸಲ ಮುಖ ತೊಳೆದುಕೊಂಡು ಬಂದರು.

ಇನ್ನೊಂದು ಫಜೀತಿ ಕಾದಿತ್ತು. ನಾಲ್ಕೂವರೆಯಿಂದ ಸೆಕೆಯಲ್ಲಿ ಬೆವರಿದ್ದ ಭಾನುಪ್ರಿಯಾಗೆ ಉಚ್ಚೆ ಬರಲಿಲ್ಲ. ನಾರಾಯಣಮ್ಮ ಚೊಂಬಿನ ತುಂಬ ಮಜ್ಜಿಗೆ ತಂದಳು.

"ಬೇಡಮ್ಮ, ಇವರು ತಂದಿರೋ ಸೀಲ್ ಬಾಟಲಿನೇ ಕುಡೀತೀನಿ," ಎಂದಳು ಮಗಳು, ಹೆದರಿಕೊಂಡೇ. ಈ ಸಲ ನಾರಾಯಣಮ್ಮ ಕೋಪಿಸಿಕೊಳ್ಳಲಿಲ್ಲ. ಮಜ್ಜಿಗೆಯನ್ನು ಮುರಳಿಮೋಹನ್‌ಗೆ ಕೊಟ್ಟಳು, ಅವರು ಎರಡು ಲೋಟ ಕುಡಿದರು.

"ತುಂಬಾ ನೀರೂ ಕುಡೀಬೇಡಿ ಅಕ್ಕ, ತೆಳ್ಳಗಾದ್ರೆ ಮತ್ತೆ ಕೊಡ್ಬೇಕಾಗುತ್ತೆ," ಎಂದಳು ಜಬೀನ್. "ಬರೋ ತನಕ ಕಾಯೋಣ. ಆದ್ರೆ ನೀವು ನನ್ನ ಕಣ್ಣಿಂದ ಮರೆಯಾಗಂಗಿಲ್ಲ."

"ಕಾಯ್ತಾ ಕೂತ್ರೆ ಹುಳ ಕಾಯ್ತವಾ?" ಎಂದಳು ಅಜ್ಜಿ. "ಅವಳನ್ನ ನೋಡ್ತಾ ಇರ್ಬೇಕು ತಾನೇ? ಒಳಗೇ ಬಂದು ನೋಡು."

ಹೀಗೆ ಜಬೀನ್ ಹುಳು ಮನೆಯೊಳಗೆ ಬಂದಳು. ಹೊನ್ನಿನ ಹುಳಗಳನ್ನು ನೋಡಿ ಬಾಯಿಬಿಟ್ಟು ನಿಂತಳು. "ನಮ್ದು ಶಿಡ್ಲಘಟ್ಟ ಅಜ್ಜಿ. ನಮ್ಮ ಅಬ್ಬಾ ಮನೇಲೇ ನೂಲು ತೆಗೀತಾರೆ. ಗೂಡು ಬೇಯೋದನ್ನ ಹುಟ್ಟಿದಾಗಿಂದ ನೋಡಿದೀನಿ. ಜೀವ ಇರೋ ಹುಳ ಒಂದಿನಾನೂ ನೋಡಿಲ್ಲ!"

"ಶಿಡ್ಲಘಟ್ಟದೋಳಾ? ಮೊದಲೇ ಹೇಳ್ಬಾರ್ದಾ!" ಅಜ್ಜಿ ಅವಳ ಕೈಗೊಂದು ತಟ್ಟೆ ಕೊಟ್ಟಳು. "ಹಿಂಡಬೇಡ, ಮೆತ್ತಗೆ ತೆಗಿ. ತಲೆ ಎತ್ತಿರೋದು ಮಾತ್ರ."

ಬಾಗಿಲಲ್ಲಿ ನಿಂತಿದ್ದ ಮುರಳಿಮೋಹನ್‌ಗೂ ಹತ್ತು ನಿಮಿಷದಲ್ಲಿ ಒಂದು ತಟ್ಟೆ ಸಿಕ್ಕಿತು. ಅಜ್ಜಿ ಆಯ್ದಳು, ಜಬೀನ್ ಆಯ್ದಳು, ಪವಿತ್ರ ಆಯ್ದಳು, ಭಾನುಪ್ರಿಯಾ ಮೇಲಿನ ಅಂತಸ್ತು ಖಾಲಿ ಮಾಡಿದಳು. ಜಬೀನ್ ಒಂದು ಕಣ್ಣು ಹುಳದ ಮೇಲೆ, ಒಂದು ಕಣ್ಣು ಅವಳ ಮೇಲೆ ಇಟ್ಟಿದ್ದಳು. ಎಂಟೂ ಮುಕ್ಕಾಲಿಗೆ ಭಾನುಪ್ರಿಯಾ ತಟ್ಟೆ ಕೆಳಗಿಟ್ಟು, "ಬಂತು," ಎಂದಳು.

"ಬಂತಾ?" ಎಂದಳು ಅಜ್ಜಿ.

"ಬಂತಂತೆ!" ಎಂದು ಪವಿತ್ರ ಅಂಗಳಕ್ಕೆ ಕೂಗಿದಳು. ವೆಂಕಟರಾಮಪ್ಪ ಗೇಟಿಗೆ ಓಡಿ ಬಯ್ಯಪ್ಪನಿಗೆ ಹೇಳಿದ. ಬಯ್ಯಪ್ಪ ಟೀ ಕುಡಿಯುತ್ತಿದ್ದ ನಾಲ್ಕು ಜನಕ್ಕೂ ಹೇಳಿದ. ಬಚ್ಚಲಿನಿಂದ ಹೊರಬಂದ ಭಾನುಪ್ರಿಯಾಗೆ ಯಾವ ಫೈನಲ್ಲಿನಲ್ಲೂ ಬೀಳದಷ್ಟು ಚಪ್ಪಾಳೆ ಬಿತ್ತು.

ಸೀಲು, ಸಹಿ ಎಲ್ಲ ಮುಗಿದ ಮೇಲೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಅಜ್ಜಿ ಜಬೀನಳ ಪಕ್ಕ ಕೂತು ಕೊನೆಯ ಅನುಮಾನವನ್ನು ಕೇಳಿಯೇ ಬಿಟ್ಟಳು. "ನಿಜವಾಗ್ಲೂ ಇದಕ್ಕೇ ಅಷ್ಟು ದೂರದಿಂದ ಬಂದ್ರಾ?"

"ಇದಕ್ಕೇ ಅಜ್ಜಿ."

"ಪೆಟ್ರೋಲು?"

"ಆಫೀಸಿನೋರೇ ಕೊಡ್ತಾರೆ."

ಅಜ್ಜಿ ಮೊಮ್ಮಗಳನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿದಳು. ಇವಳು ಅಷ್ಟು ದೊಡ್ಡ ಆಟಗಾರ್ತಿ ಎಂದು ಪದಕಗಳಿಂದ ಗೊತ್ತಾಗದ್ದು ಅವತ್ತು ಗೊತ್ತಾಯಿತು. "ಇನ್ನೊಂದು ರೊಟ್ಟಿ ಹಾಕು ಅವಳಿಗೆ," ಎಂದಳು.

ಒಂದು ಹುಳವೂ ಸಾಯಲಿಲ್ಲ. ಆರನೆಯ ದಿನ ಗೂಡು ಬಿಡಿಸಿದರು, ಗಟ್ಟಿ ಗೂಡು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಒಳ್ಳೆಯ ರೇಟೂ ಸಿಕ್ಕಿತು. ಭಾನುಪ್ರಿಯಾ ಕ್ಯಾಂಪಿಗೆ ಹೋದಳು. ಪರೀಕ್ಷೆಯಲ್ಲಿ ತಕರಾರೇನೂ ಬರಲಿಲ್ಲ. ಎರಡು ವರ್ಷಕ್ಕೆ ಸಹಿಯಾಯಿತು. ಕ್ಯಾಪ್ಟನ್ ಆಗಿ ಆಡಿದ ಮೊದಲ ಮ್ಯಾಚನ್ನು ಮನೆಯವರೆಲ್ಲ ಪವಿತ್ರಳ ಫೋನಿನಲ್ಲಿ ನೋಡಿದರು. ಅವಳು ಎರಡು ಕೈ ಮೇಲೆತ್ತಿ ಚೆಂಡನ್ನು ಬುಟ್ಟಿಗೆ ಹಾಕಿದಾಗಲೆಲ್ಲ ಅಜ್ಜಿ, "ನೋಡು, ಮೇಲಿನ ಅಂತಸ್ತಿಗೆ ಸೊಪ್ಪು ಹಾಕ್ದಂಗೇ ಹಾಕ್ತಾಳೆ," ಎನ್ನುತ್ತಿದ್ದಳು.

ಮುಂದಿನ ಬೆಳೆಗೆ ಮತ್ತೆ ನಾಲ್ಕನೇ ಜ್ವರ ಮುಗಿಯಿತು. ಮತ್ತೆ ಬೀಗ, ಮತ್ತೆ ಸುಣ್ಣ. ಒಂದು ಬೆಳಿಗ್ಗೆ ಗೇಟಿನಲ್ಲಿ ಯಾರೋ ಕೂಗಿದರು.

"ಮನೇಲಿ ಯಾರೂ ಇಲ್ಲ!" ಎಂದಳು ಅಜ್ಜಿ ಒಳಗಿಂದ. ಆಮೇಲೆ ಅನುಮಾನ ಬಂದು ಹೊರಗೆ ಇಣುಕಿದಳು. ಕಣ್ಣು ಮಂಜು, ಮುಖ ಕಾಣಲಿಲ್ಲ, ಕೈಯಲ್ಲೊಂದು ಡಬ್ಬ ಮಾತ್ರ ಕಂಡಿತು. ತಕ್ಷಣ ಕೀಲಿ ಎಳೆದುಕೊಂಡು ಅಂಗಳ ದಾಟಿದಳು. "ಉಚ್ಚೆಗೆ ಬಂದಿದ್ರೆ ಹೇಳಪ್ಪ, ತೆಗೀತೀನಿ. ಅವಳು ಊರಲ್ಲಿಲ್ಲ, ಆದ್ರೂ ಒಳಗ್ ಬಾ, ರೊಟ್ಟಿ ತಿಂದ್ಕೊಂಡು ಹೋಗು."

"ಅಕ್ಕ, ನಾನು ಕಣಕ್ಕ, ಕೋನಪ್ಪ! ಭಾನು ಕ್ಯಾಪ್ಟನ್ ಆದ್ಲು ಅಂತ ಚಿಂತಾಮಣಿಯಿಂದ ಜಿಲೇಬಿ ತಂದೆ."

ಅಜ್ಜಿ ಕೀಲಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಡಬ್ಬ ಗೋಡೆ ಮೇಲಿಟ್ಟು ಹೋಗು. ಮನೇಲಿ ಯಾರೂ ಇಲ್ಲ, ನಾಳಿದ್ದು ಬಾ."